ಹನ್ನೊಂದು ತಿಂಗಳ ಒಕ್ಕಲು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆಲ್ಲ ಹನ್ನೊಂದರ ಮಗ್ಗಿ ಬಾಯಿಪಾಠ. ಅಡ್ವಾನ್ಸ್ ಕೊಟ್ಟು, ಬೀಗದಕೈ ಇಸಿದುಕೊಂಡು, ಛಾಪಾ ಕಾಗದದ ಮೇಲೆ ರುಜು ಹಾಕುವಾಗ ಅವಧಿಯ ಜಾಗದಲ್ಲಿ ‘ಹನ್ನೊಂದು ತಿಂಗಳು’ ಎಂದೇ ಇರುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಶುಲ್ಕ, ಆ ಸಾಲು, ಆ ಓಡಾಟ ಯಾರಿಗೆ ಬೇಕು? ಮಾಲೀಕ, ಬಾಡಿಗೆದಾರ, ನಡುವಿನ ಬ್ರೋಕರು ಮೂವರೂ ಸೇರಿ ವರ್ಷದಿಂದ ಒಂದು ತಿಂಗಳನ್ನು ಸದ್ದಿಲ್ಲದೆ ಕಳಚಿಟ್ಟಿದ್ದಾರೆ. ಇಪ್ಪತ್ತು ವರ್ಷ ಇದೇ ಊರಿನಲ್ಲಿ ದುಡಿದು, ಮಕ್ಕಳನ್ನು ಇಲ್ಲೇ ಓದಿಸಿದವರೂ ಕಾಗದದ ಪ್ರಕಾರ ಹನ್ನೊಂದು ತಿಂಗಳಿಗೆಂದು ಬಂದವರು.

ಸಣ್ಣ ಜಾಣತನ, ಯಾರಿಗೂ ಮೋಸವಿಲ್ಲ. ಆದರೂ ಹೊರಗಿನಿಂದ ಬಂದವರನ್ನು ಈ ನಗರ ಹೇಗೆ ಎಣಿಸುತ್ತದೆ ಎಂದು ತಿಳಿಯಬೇಕಾದರೆ ಆ ಕರಾರುಪತ್ರದಿಂದ ಶುರುಮಾಡುವುದು ವಾಸಿ.

ವಲಸಿಗರನ್ನು ಸ್ವಾಗತಿಸುವ ಮಾತು ಬಂದ ಕೂಡಲೇ ಭಾಷಣಕಾರರ ಬಾಯಿಗೆ ಬರುವ ಪದ ‘ಅತಿಥಿ’. ಅತಿಥಿ ಎಂದರೆ ತಿಥಿ ಇಲ್ಲದವನು, ಬರುವ ದಿನ ಗೊತ್ತಿಲ್ಲದವನು. ಬರುವ ದಿನ ಗೊತ್ತಿಲ್ಲದಿದ್ದರೂ ಹೋಗುತ್ತಾನೆ ಎಂಬುದು ಖಾತ್ರಿ. ಸತ್ಕಾರದ ಸೊಗಸೆಲ್ಲ ನಿಂತಿರುವುದು ಆ ಖಾತ್ರಿಯ ಮೇಲೆ. ನಾಲ್ಕನೆಯ ದಿನವೂ ಚೀಲ ಕಟ್ಟದ ನೆಂಟನ ಬಗ್ಗೆ ಅಡುಗೆಮನೆಯಲ್ಲಿ ಏಳುವ ಪಿಸುಮಾತು ಯಾವ ಮನೆಗೆ ಗೊತ್ತಿಲ್ಲ? ಅತಿಥಿಗೆ ಪಾಯಸ ಬಡಿಸುತ್ತಾರೆ, ಬಾವಿಯಿಂದ ನೀರು ಸೇದಲು ಹೇಳುವುದಿಲ್ಲ. ಮನೆಯ ಸಾಲದ ಲೆಕ್ಕ ತೋರಿಸುವುದಿಲ್ಲ, ಮನೆಯ ಜಗಳಕ್ಕೆ ಕರೆಯುವುದಿಲ್ಲ. ಗೌರವವೂ ದೂರವೂ ಒಂದೇ ಎಲೆಯ ಮೇಲೆ ಬೀಳುತ್ತವೆ.

ಕನ್ನಡದಲ್ಲಿ ಇದಕ್ಕಿಂತ ಗಟ್ಟಿಯಾದ ಪದವೊಂದಿದೆ: ಒಕ್ಕಲು. ಕರಾವಳಿ, ಮಲೆನಾಡಿನ ಕಡೆ ಹೊಸ ಮನೆಗೆ ಕಾಲಿಡುವ ಸಮಾರಂಭ ‘ಮನೆ ಒಕ್ಕಲು’. ಊರಿನಲ್ಲಿ ನೆಲೆ ನಿಂತ ಸಂಸಾರ ಒಕ್ಕಲು, ಅದರ ಬೇಸಾಯ ಒಕ್ಕಲುತನ, ಅದನ್ನು ಕಿತ್ತುಹಾಕಿದರೆ ಒಕ್ಕಲೆಬ್ಬಿಸಿದಂತೆ. ಚಾಮರಾಜನಗರ, ಮಂಡ್ಯದ ಕಡೆ ‘ನಾವು ಮಾದಪ್ಪನ ಒಕ್ಕಲು’, ‘ನಾವು ಮಂಟೇಸ್ವಾಮಿ ಒಕ್ಕಲು’ ಎಂದು ಹೇಳಿಕೊಳ್ಳುವ ಮನೆತನಗಳು ಹಲವು ಜಾತಿಗಳಲ್ಲಿವೆ. ತಮಾಷೆಯೆಂದರೆ, ಈ ಇಬ್ಬರನ್ನು ಹಾಡುವ ಜನಪದ ಕಾವ್ಯಗಳಲ್ಲಿ ವಲಸೆ ಬಂದವನು ದೇವರೇ. ಮಾದಪ್ಪ ಉತ್ತರ ದಿಕ್ಕಿನಿಂದ ನಡೆದು ಬಂದು ಎಪ್ಪತ್ತೇಳು ಮಲೆ ಸೇರಿದವನು. ಮಂಟೇಸ್ವಾಮಿ ಕಲ್ಯಾಣ ಬಿಟ್ಟು ದಕ್ಷಿಣಕ್ಕೆ ಇಳಿದವನು. ಬಂದ ನೆಲದಲ್ಲಿ ಬೇರು ಬಿಡಲು ಅವರಿಗೂ ಒಕ್ಕಲು ಬೇಕಾಯಿತು. ಅದಕ್ಕಾಗಿ ಬೇಡಿದರು, ಬೆದರಿಸಿದರು, ಪವಾಡ ತೋರಿಸಿದರು. ಒಮ್ಮೆ ಒಕ್ಕಲಾದ ಮೇಲೆ ಹಂಗು ಎರಡೂ ಕಡೆಯದು. ಒಕ್ಕಲು ಮೀಸಲು ತೆಗೆದಿಡಬೇಕು, ದೇವರು ಕಾಯಬೇಕು.

ಹಾಗೆಂದು ಆ ಪದಕ್ಕೆ ಆರತಿ ಎತ್ತಬೇಕಿಲ್ಲ; ಅದರೊಳಗೆ ಬಹಳ ಕಣ್ಣೀರಿದೆ. ಕರಾವಳಿಯ ಹಳೆಯ ಜಮೀನು ವ್ಯವಹಾರದಲ್ಲಿ ಒಕ್ಕಲುಗಳಲ್ಲೇ ಎರಡು ಬಗೆ. ಮೂಲಗೇಣಿಯವನಿಗೆ ಭೂಮಿ ಶಾಶ್ವತ, ಗೇಣಿ ನಿಗದಿ, ಹಕ್ಕು ಮಕ್ಕಳಿಗೂ ದಾಟುತ್ತದೆ. ಚಾಲಗೇಣಿಯವನದು ಧಣಿಯ ಮರ್ಜಿ. ವರ್ಷ ಮುಗಿದು ‘ಬಿಡು’ ಎಂದರೆ ಪಾತ್ರೆಪಗಡ ಹೊತ್ತು ನಡೆಯಬೇಕು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಡಿಕ್ಲರೇಷನ್ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲುವ ತನಕ ಆ ಲೋಕ ಹಾಗೆಯೇ ನಡೆಯಿತು. ಈ ಎರಡು ಗೇಣಿಗಳ ವ್ಯತ್ಯಾಸವನ್ನು ದಾಖಲೆ ತೆರೆಯದೆಯೂ ಊಹಿಸಬಹುದು. ಭತ್ತವನ್ನು ಇಬ್ಬರೂ ಬಿತ್ತಿಯಾರು. ಆದರೆ ಫಲ ಬರಲು ಏಳೆಂಟು ವರ್ಷ ಹಿಡಿಯುವ ತೆಂಗಿನ ಸಸಿಯನ್ನು, ಬರುವ ವರ್ಷ ತಾನಿಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವನು ಯಾಕೆ ನೆಡಬೇಕು?

ನಗರಕ್ಕೂ ವಲಸಿಗರಿಗೂ ನಡುವಿನ ಪ್ರಶ್ನೆಯ ತಿರುಳು ಇದೇ. ಪ್ರೀತಿ, ದ್ವೇಷ, ಔದಾರ್ಯ ಎಲ್ಲ ಆಮೇಲೆ. ಬಂದವರನ್ನು ನಗರ ಯಾವ ಗೇಣಿಯ ಮೇಲೆ ಇಟ್ಟುಕೊಂಡಿದೆ ಎಂಬುದು ಮೊದಲು. ಹಂಚಿಕೊಂಡು ಉಣ್ಣುವ ಏಳಿಗೆ ಬೇಕಿದ್ದರೆ ತೆಂಗು ನೆಡುವವರು ಬೇಕು, ಮತ್ತು ತೆಂಗು ನೆಡಿಸಬೇಕಿದ್ದರೆ ಚಾಲಗೇಣಿಯನ್ನು ಮೂಲಗೇಣಿ ಮಾಡಬೇಕು.

‘ಅತಿಥಿ’ ಎಂಬ ಪದವನ್ನೇ ಸರ್ಕಾರಿ ನೀತಿಯನ್ನಾಗಿ ಮಾಡಿಕೊಂಡು ಕೈ ಸುಟ್ಟುಕೊಂಡ ದೇಶ ಜರ್ಮನಿ. ಯುದ್ಧಾನಂತರ ಕಾರ್ಖಾನೆಗಳಿಗೆ ಆಳು ಸಾಲದೆ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದವರಿಗೆ ಇಟ್ಟ ಹೆಸರು ‘ಗಾಸ್ಟ್‌ಆರ್ಬೈಟರ್’, ಅಂದರೆ ಅತಿಥಿ ಕಾರ್ಮಿಕ. ಟರ್ಕಿಯವರು ಎರಡು ವರ್ಷ ದುಡಿದು ಹೋಗಬೇಕು, ಆ ಜಾಗಕ್ಕೆ ಹೊಸಬರು ಬರಬೇಕು ಎಂಬುದು ಲೆಕ್ಕ. ಲೆಕ್ಕ ಕೆಡಿಸಿದವರು ಕಾರ್ಖಾನೆಯ ಮಾಲೀಕರೇ. ಪಳಗಿದ ಕೈಯನ್ನು ಕಳಿಸಿ ಹೊಸಬನಿಗೆ ಮತ್ತೆ ಮೊದಲಿನಿಂದ ಕಲಿಸಲು ಅವರು ಒಪ್ಪಲಿಲ್ಲ. 1964ರಲ್ಲಿ ಎರಡು ವರ್ಷದ ಮಿತಿ ಬಿದ್ದುಹೋಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ನೇಮಕ ನಿಲ್ಲಿಸುವ ಹೊತ್ತಿಗೆ ಸುಮಾರು 26 ಲಕ್ಷ ವಿದೇಶಿ ಕಾರ್ಮಿಕರು ಅಲ್ಲಿದ್ದರು. ಲಕ್ಷಾಂತರ ಮಂದಿ ಅಲ್ಲೇ ಉಳಿದರು, ಸಂಸಾರ ಕರೆಸಿಕೊಂಡರು. ಆದರೂ ಸರ್ಕಾರದ ಬಾಯಲ್ಲಿ ಅವರು ಅತಿಥಿಗಳೇ. ಹೋಗುವವನಿಗೆ ಭಾಷೆ ಯಾಕೆ ಕಲಿಸಬೇಕು? ಅವನ ಮಗಳಿಗೆ ಪೌರತ್ವ ಯಾಕೆ? ಅಲ್ಲೇ ಹುಟ್ಟಿದ ವಿದೇಶಿಯರ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ದೊರೆಯುವ ದಾರಿ ತೆರೆದದ್ದು 2000ದಲ್ಲಿ. ಹೊಸಬರಿಗೆ 600 ಗಂಟೆಗಳ ಜರ್ಮನ್ ಪಾಠವುಳ್ಳ ಸಮನ್ವಯ ಶಿಕ್ಷಣ ಬಂದದ್ದು 2005ರಲ್ಲಿ. ಮೊದಲ ಒಪ್ಪಂದಕ್ಕೂ ಮೊದಲ ಪಾಠಕ್ಕೂ ನಡುವೆ ಐವತ್ತು ವರ್ಷ. ಅಷ್ಟರಲ್ಲಿ ಎರಡು ತಲೆಮಾರು ಬೆಳೆದಾಗಿತ್ತು, ‘ಇವರು ನಮ್ಮೊಡನೆ ಬೆರೆಯುವುದಿಲ್ಲ’ ಎಂಬ ದೂರೂ ಬೆಳೆದಾಗಿತ್ತು.

ತತ್ತ್ವಶಾಸ್ತ್ರವೂ ಈ ವಿಷಯದಲ್ಲಿ ಹೊಸ್ತಿಲ ಮೇಲೇ ನಿಂತಿತು. ಹುಟ್ಟೂರಿನ ಆಸುಪಾಸು ಬಿಟ್ಟು ದೂರ ಹೋಗದ ಕಾಂಟ್, 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆಯುತ್ತ, ಪರದೇಶಿಯನ್ನು ಶತ್ರುವಿನಂತೆ ಕಾಣದಿರುವುದು ದಯೆಯ ಮಾತಲ್ಲ, ಅವನ ಹಕ್ಕು ಎಂದ. ಆದರೆ ಅದು ಬಂದು ಹೋಗುವ ಹಕ್ಕು. ಉಳಿಯಲು ಬೇರೆ ಒಪ್ಪಂದವೇ ಬೇಕು ಎಂದೂ ಸೇರಿಸಿದ. ಪ್ರಾಚೀನ ಅಥೆನ್ಸ್ ಉಳಿಯಲು ಬಿಟ್ಟಿತು, ಅಷ್ಟೇ. ‘ಮೆಟಿಕ್’ ಎನಿಸಿಕೊಂಡ ಹೊರಗಿನವರು ತಲೆಗಂದಾಯ ಕೊಡಬೇಕು, ಯುದ್ಧಕ್ಕೆ ಹೋಗಬೇಕು; ನೆಲ ಕೊಳ್ಳುವಂತಿಲ್ಲ, ಸಭೆಯಲ್ಲಿ ಕೈ ಎತ್ತುವಂತಿಲ್ಲ. ನಾಗರಿಕ ಎಂದರೆ ಯಾರು ಎಂದು ಲೋಕಕ್ಕೆ ವ್ಯಾಖ್ಯಾನ ಹೇಳಿಕೊಟ್ಟ ಅರಿಸ್ಟಾಟಲ್ ಸ್ವತಃ ಸ್ಟಗೀರಾದಿಂದ ಬಂದ ಮೆಟಿಕ್. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತು ಊರಿನ ಗಾಳಿ ತಿರುಗಿದಾಗ ಗಂಟುಮೂಟೆ ಕಟ್ಟಿದ. ಚಾಲಗೇಣಿ ಎಂದರೆ ಇದೇ.

ಬೆಂಗಳೂರಿಗೆ ಬರೋಣ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆಯ ಕರಗ ಹೊರಡುತ್ತದೆ. ಹೊತ್ತವನು ಹೆಂಗಸಿನಂತೆ ಬಳೆ ತೊಟ್ಟ ಗಂಡಸು, ಸುತ್ತ ಬಿಚ್ಚುಗತ್ತಿಯ ವೀರಕುಮಾರರು, ಬಾಯ್ತುಂಬ ಗೋವಿಂದ ಗೋವಿಂದ. ಪೇಟೆಯ ಗುಡಿಗಳನ್ನೆಲ್ಲ ಮುಟ್ಟುವ ಹಾದಿಯಲ್ಲಿ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ಇದು ನಮ್ಮದು ಎಂದು ಬೆಂಗಳೂರು ಎದೆ ತಟ್ಟಿ ಹೇಳಿಕೊಳ್ಳುವ ಉತ್ಸವ ಒಂದಿದ್ದರೆ ಅದು ಕರಗ. ಅದನ್ನು ಹೊರುವ ತಿಗಳರು ತಮಿಳು ಸೀಮೆಯ ಕಡೆಯಿಂದ ಬಂದವರೆಂದು ಹೇಳಲಾಗುವ ತೋಟಗಾರರು.

ಅವರಿಗೆ ಯಾರೂ ಹಾರ ಹಾಕಿ ಸ್ವಾಗತ ಕೋರಿದಂತಿಲ್ಲ. ಸಿಕ್ಕಿದ್ದು ಕೆರೆಯ ಮಗ್ಗುಲಿನ ನೆಲ, ಹೂವು ತರಕಾರಿ ಬೆಳೆಯಲು ನೀರು, ಹೆಸರಿಗೊಂದು ಪೇಟೆ, ಊರು ನಿದ್ದೆಗೆಟ್ಟು ಕಾಯುವ ಒಂದು ಹೊಣೆ. ಅವರ ತೋಟಗಳಿಗೆ ನೀರೂಡಿಸಿದ ಸಂಪಂಗಿ ಕೆರೆ ಇಂದು ಕಂಠೀರವ ಕ್ರೀಡಾಂಗಣ. ಕೆರೆ ಮುಚ್ಚಿದವರು ಕರಗದ ವಿಧಿಗಾಗಿ ಮೂಲೆಯಲ್ಲಿ ಒಂದು ಪುಟ್ಟ ಕೊಳವನ್ನು ಮಾತ್ರ ಬಿಟ್ಟಿದ್ದಾರೆ. ತೋಟ ಹೋಯಿತು, ಕೆರೆ ಹೋಯಿತು, ಹೊಣೆ ಉಳಿಯಿತು. ಕರಗ ಹೊರುವವರನ್ನು ಹೊರಗಿನವರು ಎನ್ನುವ ಧೈರ್ಯ ಇವತ್ತು ಯಾರಿಗಿದೆ?

ಅದೇ ಊರಿನ ಮತ್ತೊಂದು ಪಕ್ಕದಲ್ಲಿ ಬೇರೆ ಪ್ರಯೋಗ ನಡೆದಿತ್ತು. 1809ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ದಂಡು ಹೂಡಿತು. ಸೈನ್ಯದ ಬೆನ್ನಿಗೆ ತಮಿಳು ನಾಡಿನಿಂದ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಗಳು ಬಂದರು. ಪೇಟೆಗೂ ದಂಡಿಗೂ ನಡುವೆ ಉದ್ಯಾನ, ಬೇರೆ ಆಡಳಿತ, ಬೇರೆ ಮಾರುಕಟ್ಟೆ. ಎರಡೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ನೂರ ನಲವತ್ತು ವರ್ಷ ಬೆನ್ನಿಗೆ ಬೆನ್ನು ಹಚ್ಚಿ ಕೂತ ಎರಡು ಊರುಗಳು! ದಂಡಿನವರಿಗೆ ಕನ್ನಡ ಬರಲಿಲ್ಲ ಎಂದು ಆಮೇಲೆ ಸಿಟ್ಟಾದವರು ಈ ಭೂಗೋಳವನ್ನು ಮರೆತರು.

ಸ್ವಾತಂತ್ರ್ಯದ ಆಚೀಚೆ ಬಂದ ಕಾರ್ಖಾನೆಗಳು ಮೂಲಗೇಣಿಯ ಇನ್ನೊಂದು ಮಾದರಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ತಮಿಳು, ತೆಲುಗು, ಮಲಯಾಳ ಮಾತಾಡುವ ಸಾವಿರಾರು ಜನ, ಮಂಡ್ಯ ತುಮಕೂರಿನ ಹಳ್ಳಿಗಳಿಂದ ಬಂದ ಹುಡುಗರ ಪಕ್ಕದಲ್ಲೇ ನಿಂತು ಲೇಥು ತಿರುಗಿಸಿದರು. ‘ಪರ್ಮನೆಂಟ್ ಆಯ್ತು’ ಎಂಬ ಎರಡು ಪದಕ್ಕೆ ಆ ಕಾಲದ ಬೆಂಗಳೂರಿನಲ್ಲಿ ಮದುವೆಯ ಸಂಬಂಧ ಕುದುರಿಸುವಷ್ಟು ಬಲವಿತ್ತು. ಪರ್ಮನೆಂಟ್ ಆದವನಿಗೆ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಸೊಸೈಟಿಯಲ್ಲಿ ಸೈಟು. ಮುಂದೆ ಆ ಸೈಟಿನಲ್ಲಿ ನಿಜವಾಗಿಯೂ ಒಂದು ತೆಂಗಿನ ಮರ. ಇದು ರಾಮರಾಜ್ಯವಾಗಿರಲಿಲ್ಲ. ಮೇಲಿನ ಹುದ್ದೆಗಳು ಹೊರಗಿನವರ ಪಾಲಾಗುತ್ತಿವೆ ಎಂಬ ಕನ್ನಡಿಗರ ದೂರಿಗೆ ಆಧಾರವಿತ್ತು. 1982ರ ಗೋಕಾಕ್ ಭಾಷಾ ಚಳವಳಿ, ಅದರ ಬೆನ್ನಿಗೇ ಸ್ಥಳೀಯರ ಉದ್ಯೋಗದ ಬಗ್ಗೆ ಬಂದ ಸರೋಜಿನಿ ಮಹಿಷಿ ಸಮಿತಿ ಸುಮ್ಮನೆ ಹುಟ್ಟಿದವಲ್ಲ. ಆದರೂ ಆ ಕಾರ್ಮಿಕರ ಮಕ್ಕಳು ಕನ್ನಡ ಮಾತಾಡಿದರು. ಕಾರಣ ಯಾರ ಉಪದೇಶವೂ ಅಲ್ಲ. ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ನಲ್ಲಿಯ ಮುಂದೆ ಕೊಡ ಇಟ್ಟು ಜಗಳ ಗೆಲ್ಲಬೇಕಾದರೆ ಎದುರಿನವಳ ಭಾಷೆ ಬರಲೇಬೇಕು.

ಈಗ ವಠಾರದ ಜಾಗದಲ್ಲಿ ಪಿಜಿ ಇದೆ, ಎತ್ತರದ ಅಪಾರ್ಟ್‌ಮೆಂಟ್ ಇದೆ. ನಲ್ಲಿ ಒಳಗೇ ಬರುತ್ತದೆ, ತರಕಾರಿ ಮೊಬೈಲ್ ಒತ್ತಿದರೆ ಬರುತ್ತದೆ, ಜಗಳ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಟ್ಟಡದ ಕೆಲಸಕ್ಕೆ ಬಿಹಾರದಿಂದ ಬಂದ ಹುಡುಗ ಮೇಸ್ತ್ರಿಯ ಬೈಗುಳದಿಂದಲೇ ಆರು ತಿಂಗಳಲ್ಲಿ ಒಂದಷ್ಟು ಕನ್ನಡ ಎತ್ತಿಕೊಳ್ಳುತ್ತಾನೆ. ಅದೇ ಕಟ್ಟಡದ ಹದಿನಾಲ್ಕನೇ ಮಹಡಿಯ ತಂತ್ರಜ್ಞನಿಗೆ ಹತ್ತು ವರ್ಷವಾದರೂ ‘ಸ್ವಲ್ಪ’ ದಾಟುವ ಅಗತ್ಯ ಬೀಳುವುದಿಲ್ಲ. ಹುಡುಗ ಒಕ್ಕಲಾಗಲು ತಯಾರಿದ್ದಾನೆ, ಅವನಿಗೆ ಮನೆಯಿಲ್ಲ. ತಂತ್ರಜ್ಞನಿಗೆ ಮನೆಯಿದೆ, ಒಕ್ಕಲಾಗುವ ಗರಜಿಲ್ಲ. ಹತ್ತು ವರ್ಷ ಸಂಬಳ ಎಣಿಸಿದ ಊರಿನ ಭಾಷೆಯಲ್ಲಿ ಕಸ ಎತ್ತುವವರ ಯೋಗಕ್ಷೇಮ ಕೇಳಲಾಗದವನನ್ನು ಉದಾರವಾದದ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ಮೀಸಲು ಕೊಡದ ಒಕ್ಕಲಿಲ್ಲ. ನಗರದ ಮಟ್ಟಿಗೆ ಮೊದಲ ಮೀಸಲು ಭಾಷೆಯೇ.

ಆದರೆ ಕೊಡಬೇಕು ಎನ್ನುವವರು ಕಲಿಸಲೂಬೇಕು. ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು, ಒಳ್ಳೆಯದೇ ಆಯಿತು. ಬೋರ್ಡು ನೋಡಿ ಭಾಷೆ ಕಲಿತವರು ಮಾತ್ರ ಯಾರೂ ಇಲ್ಲ. 600 ಗಂಟೆ ಕೂರಿಸಿ ಪಾಠ ಹೇಳುವ ಜರ್ಮನಿಯ ಮುಂದೆ ಬೆಂಗಳೂರಿನ ಕನ್ನಡ ಕಲಿಕೆ ಇಂದಿಗೂ ಉತ್ಸಾಹಿಗಳ ಬೆವರಿನ ಮೇಲೆ ನಿಂತಿದೆ.

ಕನ್ನಡಿಗರ ಅಳುಕು ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ಅರ್ಧಕ್ಕಿಂತ ಕಡಿಮೆ. ‘ನೆರೆ’ ಎಂಬ ಪದಕ್ಕೆ ಕನ್ನಡದಲ್ಲಿ ಪಕ್ಕದ ಮನೆಯವರು ಎಂಬ ಅರ್ಥವೂ ಇದೆ, ಪ್ರವಾಹ ಎಂಬ ಅರ್ಥವೂ ಇದೆ. ಬೆಂಗಳೂರಿಗನಿಗೆ ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ಅವನನ್ನು ಹಂಗಿಸಿ ಪ್ರಯೋಜನವಿಲ್ಲ. ಆದರೆ ಲೆಕ್ಕದ ಆ ಕಲಮನ್ನು ಸ್ವಲ್ಪ ತಡೆದು ನೋಡಬೇಕು. ತಾಯ್ನುಡಿಯ ಕಲಮಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ತಮಿಳರು, ದ.ರಾ. ಬೇಂದ್ರೆ ಮರಾಠಿಗರು, ಗಿರೀಶ ಕಾರ್ನಾಡ್ ಕೊಂಕಣಿಗರು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು ಹಾಗೆ ಲೆಕ್ಕ ತಪ್ಪಿಹೋಗುತ್ತವೆ. ಟಿ.ಪಿ. ಕೈಲಾಸಂ ಹೋಗುತ್ತಾರೆ, ಪು.ತಿ.ನ. ಹೋಗುತ್ತಾರೆ, ಉರ್ದು ಮನೆಮಾತಿನ ಕೆ.ಎಸ್. ನಿಸಾರ್ ಅಹಮದ್ ಹೋಗುತ್ತಾರೆ. ಮನೆಯಲ್ಲಿ ಏನು ಮಾತಾಡುತ್ತಾರೆ ಎಂಬುದರಲ್ಲಿ ಊರಿಗೆ ಆಸಕ್ತಿ ಇರಬೇಕಿಲ್ಲ. ನಲ್ಲಿಯ ಹತ್ತಿರ ಏನು ಮಾತಾಡುತ್ತಾರೆ ಎಂಬುದು ಊರಿನ ವಿಷಯ.

2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆ ಎಡವಿದ್ದು ಇಲ್ಲಿಯೇ. ಖಾಸಗಿ ಸಂಸ್ಥೆಗಳ ವ್ಯವಸ್ಥಾಪಕ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು ಅದು. ಸ್ಥಳೀಯ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ವಾಸವಿರಬೇಕು, ಕನ್ನಡ ಓದಲು ಬರೆಯಲು ಬರಬೇಕು. ಕೊನೆಯ ಎರಡನ್ನು ಯಾರಾದರೂ ದುಡಿದು ಗಳಿಸಬಹುದು. ಮೊದಲನೆಯದನ್ನು ಗಳಿಸಲು ದಾರಿಯೇ ಇಲ್ಲ. ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಡೆದ ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇಂದು ತಮಿಳುನಾಡಿನಲ್ಲಿದೆ; ಆ ಮಸೂದೆಯ ಮೊದಲ ಸಾಲಿನಲ್ಲೇ ಅವರು ಅನುತ್ತೀರ್ಣ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅದೇ ಸಾಲಿನಲ್ಲಿ ಸಲೀಸಾಗಿ ಪಾಸು. ಹರಿಯಾಣ ಇಂಥದೇ ಕಾನೂನು ಮಾಡಿ ನೋಡಿತ್ತು. 2023ರ ನವೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಭಾಷೆಯೊಂದೇ ಹೊಸ್ತಿಲು ಎಂದುಕೊಂಡವರು ಯಾದಗಿರಿಯಿಂದ ಬಂದ ಗಾರೆ ಕೆಲಸದ ದಂಪತಿಯನ್ನು ನೋಡಬೇಕು. ಬೆಂಗಳೂರಿಗೆ ವಲಸೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದೊಳಗಿನಿಂದಲೇ ಬಂದವರು. ಅವರ ಕನ್ನಡ ಬೆಂಗಳೂರಿನ ಕನ್ನಡಕ್ಕಿಂತ ಖಡಕ್ಕಾಗಿದೆ. ಆದರೂ ವಾಸ ನೀಲಿ ಟಾರ್ಪಾಲಿನ ಶೆಡ್ಡಿನಲ್ಲಿ, ಕಟ್ಟಡ ಮುಗಿದ ದಿನ ಶೆಡ್ಡೂ ಮುಗಿಯಿತು. ಇಷ್ಟು ವರ್ಷ ಪಡಿತರ ಚೀಟಿ ಇದ್ದದ್ದು ಊರಿನಲ್ಲಿ, ಹೊಟ್ಟೆ ಇದ್ದದ್ದು ಇಲ್ಲಿ. ಎಲ್ಲಿ ಬೇಕಾದರೂ ಅಕ್ಕಿ ಎತ್ತುವ ವ್ಯವಸ್ಥೆ ಬಂದದ್ದು ಈಚೆಗೆ. ಮಗುವನ್ನು ಟೆಂಟ್ ಶಾಲೆಗೆ ಹಾಕಿದರೆ ಅದು ಎರಡಕ್ಷರ ಕಲಿಯುವಷ್ಟರಲ್ಲಿ ಟೆಂಟೇ ಬೇರೆ ಕಡೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹುಟ್ಟುಹಾಕಿದ ವ್ಯವಸ್ಥೆಯಲ್ಲಿ ಪ್ರತಿ ದೊಡ್ಡ ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ ಅವರ ಕ್ಷೇಮಕ್ಕೆಂದೇ ವಸೂಲಾಗುತ್ತದೆ. ಅದನ್ನು ಪಡೆಯುವ ಕಾರ್ಡಿಗೆ ವರ್ಷದಲ್ಲಿ 90 ದಿನ ದುಡಿದ ಪುರಾವೆ ಬೇಕು, ಮತ್ತು ತಿಂಗಳಿಗೊಂದು ಸೈಟು ಬದಲಿಸುವವನಿಗೆ ಪುರಾವೆ ಬರೆದುಕೊಡುವವರು ಯಾರು? ಮತದ ಮಾತಂತೂ ದೂರ. 2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಹಳೆಯ ಬೆಂಗಳೂರಿಗನಿಗೂ ವಾರ್ಡಿನಲ್ಲಿ ಕೇಳಲು ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಒಕ್ಕಲಾಗಬೇಕೆಂದರೆ ಅರ್ಜಿ ಕೊಡಲು ಒಂದು ಬಾಗಿಲಾದರೂ ಬೇಡವೆ?

ಈ ಗೇಣಿಯ ಸ್ವರೂಪ ಎರಡು ಸಲ ಬಟಾಬಯಲಾಯಿತು. 2012ರ ಆಗಸ್ಟಿನಲ್ಲಿ ಮೊಬೈಲಿಗೆ ಬಂದ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲವೇ ದಿನಗಳಲ್ಲಿ ಗುವಾಹಟಿಯ ರೈಲು ಹತ್ತಿದರು. ಸೆಕ್ಯುರಿಟಿ ಕುರ್ಚಿಗಳು, ಹೋಟೆಲಿನ ಅಡುಗೆಮನೆಗಳು, ಬ್ಯೂಟಿ ಪಾರ್ಲರುಗಳು ಖಾಲಿಯಾದಾಗಲೇ ಅವರು ಎಲ್ಲೆಲ್ಲಿ ಇದ್ದರೆಂದು ಊರಿಗೆ ಗೊತ್ತಾದದ್ದು. ಒಂದು ಸುಳ್ಳು ಸಂದೇಶಕ್ಕೆ ಊರು ಬಿಟ್ಟು ಓಡುವಷ್ಟು ಸಡಿಲವಾಗಿತ್ತು ಅವರ ಬೇರು. ಹಿಡಿದು ನಿಲ್ಲಿಸಲು ಅವರಿಗೆ ಇಲ್ಲಿ ಸೈಟಿರಲಿಲ್ಲ, ಸಂಘವಿರಲಿಲ್ಲ, ‘ಇರ್ರೀ, ನಾವಿದೀವಿ’ ಎನ್ನುವ ನೆರೆಮನೆಯೂ ಇರಲಿಲ್ಲ. 2020ರ ಮೇ ತಿಂಗಳಲ್ಲಿ ಆದದ್ದು ಇದರ ತಿರುವುಮುರುವು. ಲಾಕ್‌ಡೌನಿನಲ್ಲಿ ಕೂಲಿ ನಿಂತು ಊರಿಗೆ ಹೊರಟವರಿಗಾಗಿ ಕೇಳಿದ್ದ ರೈಲುಗಳು ಇನ್ನು ಬೇಡ ಎಂದು, ಬಿಲ್ಡರುಗಳೊಂದಿಗೆ ಮುಖ್ಯಮಂತ್ರಿಯ ಸಭೆ ನಡೆದ ದಿನವೇ, ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡೇ ದಿನದಲ್ಲಿ ಹಿಂದೆಗೆದುಕೊಂಡಿತು. ಇರಲು ಹಕ್ಕು ಕೊಡದವರು ಹೋಗಲೂ ಬಿಡಲಿಲ್ಲ. ಹಳೆಯ ಧಣಿಗಳಿಗೆ ಈ ನಡೆ ಚೆನ್ನಾಗಿ ಅರ್ಥವಾಗುತ್ತಿತ್ತು, ಅದಕ್ಕೆ ಹಳ್ಳಿಯಲ್ಲಿ ಜೀತ ಎನ್ನುತ್ತಿದ್ದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಹೊಸಬರಿಗೆ ನೆಲೆ ಕೊಟ್ಟರೆ ಹಳಬರಿಗೇನು ಲಾಭ? ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಪ್ರಸಿದ್ಧ ಪರೀಕ್ಷೆ ಆಗಿದೆ. 1980ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 1.25 ಲಕ್ಷ ಕ್ಯೂಬನ್ನರು ದೋಣಿಗಳಲ್ಲಿ ಅಮೆರಿಕಕ್ಕೆ ಬಂದು, ಅವರಲ್ಲಿ ಅರ್ಧದಷ್ಟು ಜನ ಮಯಾಮಿಯಲ್ಲೇ ನಿಂತರು; ಊರಿನ ದುಡಿಯುವ ಕೈಗಳು ಶೇ 7ರಷ್ಟು ಹೆಚ್ಚಾದವು. ಸ್ಥಳೀಯರ ಕೂಲಿ ಕುಸಿದಿದೆಯೆ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಹುಡುಕಿದರು. 1990ರ ಅವರ ಲೇಖನದ ಉತ್ತರ: ಹೇಳಿಕೊಳ್ಳುವಂಥ ಕುಸಿತವೇನೂ ಇಲ್ಲ. ಜಾರ್ಜ್ ಬೋರ್ಹಾಸ್ ಅದೇ ಅಂಕಿಗಳನ್ನು ಕೆದಕಿ, ಶಾಲೆ ಮುಗಿಸದವರ ಕೂಲಿಗೆ ಪೆಟ್ಟು ಬಿತ್ತು ಎಂದು ಮುಂದೆ ವಾದಿಸಿದರು. ಸ್ವತಃ ಬೋರ್ಹಾಸ್ ಬಾಲ್ಯದಲ್ಲಿ ಕ್ಯೂಬಾದಿಂದ ಬಂದವರು. ಜಗಳ ಮುಗಿದಿಲ್ಲ. ಬಂದವರು ದುಡಿಯುವುದಷ್ಟೇ ಅಲ್ಲ, ಅಕ್ಕಿ ಕೊಳ್ಳುತ್ತಾರೆ, ಚೌರ ಮಾಡಿಸುತ್ತಾರೆ, ಅಂಗಡಿ ಇಡುತ್ತಾರೆ ಎಂಬುದನ್ನಂತೂ ಎರಡೂ ಕಡೆಯವರು ಒಪ್ಪುತ್ತಾರೆ.

ಬೆಂಗಳೂರಿನಲ್ಲಿ ಹಳಬರ ಸಂಕಟ ಕೂಲಿಗಿಂತ ಹೆಚ್ಚಾಗಿ ನೆಲದ್ದು. ಜನ ಬಂದಂತೆಲ್ಲ ಸೈಟಿನ ಬೆಲೆ ಏರುತ್ತದೆ, ಮನೆ ಬಾಡಿಗೆ ಏರುತ್ತದೆ. ಸೈಟಿದ್ದವನು ಮಲಗಿದಲ್ಲೇ ಶ್ರೀಮಂತನಾದ. ಶ್ರೀರಾಮಪುರದಲ್ಲಿ ಭೋಗ್ಯಕ್ಕಿದ್ದ ಹಳೆಯ ಬೆಂಗಳೂರಿಗ ಹೊರವರ್ತುಲ ರಸ್ತೆಯ ಆಚೆಗೆ ಜಾರಿದ. ಇಬ್ಬರೂ ಕನ್ನಡಿಗರೇ. ವಲಸೆ ತಂದ ಏಳಿಗೆ ಯಾರ ಜೇಬಿಗೆ ಹೋಯಿತು ಎಂಬ ಜಗಳ ಮನೆಯೊಳಗಿನದು. ಅದು ಮನೆಯೊಳಗೆ ನಡೆಯುವುದಿಲ್ಲವಾದ್ದರಿಂದ ಸಿಟ್ಟೆಲ್ಲ ಹೊರಗಿನಿಂದ ಬಂದ, ಅಷ್ಟೇ ಬಾಡಿಗೆ ಕಟ್ಟುವ, ಹತ್ತು ತಿಂಗಳ ಅಡ್ವಾನ್ಸಿಗೆ ಸಾಲ ಮಾಡಿದ ಇನ್ನೊಬ್ಬ ಬಾಡಿಗೆದಾರನ ಮೇಲೆ ತಿರುಗುತ್ತದೆ. ಏರಿದ ನೆಲದ ಬೆಲೆಯಿಂದ ನಗರ ತನ್ನ ಪಾಲು ತೆಗೆದು ಬಾಡಿಗೆ ಮನೆ, ಬಸ್ಸು, ನೀರಿಗೆ ಹಾಕದ ಹೊರತು ‘ಹಂಚಿಕೊಂಡ ಏಳಿಗೆ’ ಎಂಬುದು ಬಿಲ್ಡರುಗಳ ಜಾಹೀರಾತಿನ ಸಾಲಾಗಿಯೇ ಉಳಿಯುತ್ತದೆ.

ಕನ್ನಡಿಗರಿಗೆ ಈ ಕಥೆ ಇನ್ನೊಂದು ತುದಿಯಿಂದಲೂ ಗೊತ್ತು. ಮುಂಬಯಿಯಲ್ಲಿ ಹೊರಗಿನವರಾಗಿದ್ದವರು ಅವರೇ. ಉಡುಪಿ, ಕುಂದಾಪುರ, ಮಂಗಳೂರಿನ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹೋಟೆಲ್ ಮಾಣಿಗಳಾಗಿ ಹೋದರು. ಹಗಲು ಲೋಟ ತೊಳೆದು, ರಾತ್ರಿ ಅದೇ ಹೋಟೆಲಿನ ಮೇಜುಗಳ ಮೇಲೆ ಮಲಗಿದರು. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಸಿಟ್ಟು ದಕ್ಷಿಣದವರ ಮೇಲೆಯೇ, ಉಡುಪಿ ಹೋಟೆಲುಗಳಿಗೂ ಕಲ್ಲು ಬಿತ್ತು. ಆ ಊರಿನ ಒಳಗಿದ್ದೂ ಹೊರಗುಳಿಯುವ ದಿಗಿಲನ್ನು ಹನೇಹಳ್ಳಿಯಿಂದ ಹೋದ ಯಶವಂತ ಚಿತ್ತಾಲರು 1979ರ ‘ಶಿಕಾರಿ’ಯಲ್ಲಿ ಕಾದಂಬರಿಯಾಗಿಸಿದರು.

ಆದರೂ ಆ ಮಾಣಿಗಳಲ್ಲಿ ಎಷ್ಟೋ ಜನ ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲ್ ಮಾಲೀಕರಾದರು. ನಡುವಿನ ಮೆಟ್ಟಿಲು ರಾತ್ರಿಶಾಲೆ. 1902ರಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಕನ್ನಡ ರಾತ್ರಿಶಾಲೆ ನಡೆಸಿದವು. ಮುಂಬಯಿ ಪಾಲಿಕೆಯೂ ಸುಮ್ಮನೆ ಕೂರಲಿಲ್ಲ. ಮರಾಠಿಯ ಜತೆಗೆ ಕನ್ನಡ, ತೆಲುಗು, ತಮಿಳು, ಗುಜರಾತಿ, ಉರ್ದು, ಹಿಂದಿ, ಇಂಗ್ಲಿಷ್ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿತು. ಕಲ್ಲು ಹೊಡೆದ ಊರೇ ಪಾಠವನ್ನೂ ಹೇಳಿತು. ಮನೆಮಾತಿನಲ್ಲಿ ಅಕ್ಷರ ಕಲಿತ ಹುಡುಗ ಗಿರಾಕಿಗಳಿಂದ ಮರಾಠಿ ಕಲಿತ, ಎರಡಕ್ಕೂ ಜಾಗವಿತ್ತು.

ಆ ಶಾಲೆಗೆ ಬೇಕಾದ ಸಾಮಾನು ಹೆಚ್ಚೇನೂ ಇರಲಿಲ್ಲ. ಹಗಲು ಶಾಲೆ ಬಿಟ್ಟ ಮೇಲಿನ ಖಾಲಿ ಕೊಠಡಿ, ಬೆಂಚು, ಕರಿಹಲಗೆ, ಒಂದೆರಡು ದೀಪ, ಹೋಟೆಲಿನಿಂದ ಎರಡು ಗಂಟೆ ಬಿಡುವು, ಮತ್ತು ತಾವೂ ಹಗಲೆಲ್ಲ ದುಡಿದು ಬಂದ ಮಾಸ್ತರರು. ಬೆಂಗಳೂರಿನ ವಾರ್ಡು ವಾರ್ಡಿನಲ್ಲಿ ಸರ್ಕಾರದ, ಪಾಲಿಕೆಯ ಶಾಲಾ ಕಟ್ಟಡಗಳಿವೆ. ಪಾಠ ನಾಲ್ಕೂವರೆಗೆ ಮುಗಿಯುತ್ತದೆ. ರಾತ್ರಿ ಏಳಕ್ಕೆ, ಗಾರೆ ಕೆಲಸದವರು ಕೈಕಾಲು ತೊಳೆದು ಶೆಡ್ಡಿನ ಮುಂದೆ ಒಲೆ ಹಚ್ಚುವ ಹೊತ್ತಿಗೆ, ಪಕ್ಕದ ಪಿಜಿಯ ಹುಡುಗರು ಮೊಬೈಲು ಹಿಡಿದು ಬಾಲ್ಕನಿಗೆ ಬರುವ ಹೊತ್ತಿಗೆ, ಆ ಕಟ್ಟಡಗಳ ಗೇಟಿಗೆ ಬೀಗ ಬಿದ್ದಿರುತ್ತದೆ.